ಅರ್ಜಿಯ ವೇಳೆ ಮತ್ತು ತಾಲ್ಲೂಕು ಜಾಲದ ಗಡಿಯಾರ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ

ಸರ್ಕಾರಿ ಸೇವೆಗಳಿಗಾಗಿ ಅರ್ಜಿ ಸಲ್ಲಿಸಲು ಬರುವ ನಾಗರಿಕರಿಗೆ ಕೌಂಟರಿನಲ್ಲಿ ಆಗಾಗ್ಗೆ ದೊರೆಯುವ ಉತ್ತರ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬುದಾಗಿರುತ್ತದೆ. ಈ ಒಂದು ಮಾತಿನ ಹಿಂದೆ ಪರಸ್ಪರ ಸಂಬಂಧವಿಲ್ಲದ ಹಲವು ದೋಷಗಳು ಇರಬಹುದಾಗಿದೆ. ವಿದ್ಯುತ್ ನಿಲುಗಡೆ, ರಸ್ತೆ ಅಗೆತದಿಂದ ಕೇಬಲ್ ತುಂಡಾಗುವುದು, ಕೇಂದ್ರ ಸರ್ವರಿನ ಮೇಲೆ ಅತಿಯಾದ ಹೊರೆ ಬೀಳುವುದು ಮುಂತಾದವು ಎಲ್ಲರಿಗೂ ತಿಳಿದಿರುವ ಕಾರಣಗಳು. ಕೇಬಲ್ ಸರಿಯಾಗಿದ್ದು, ವಿದ್ಯುತ್ ಇದ್ದು, ಸರ್ವರ್ ಸಹ ಚಾಲನೆಯಲ್ಲಿದ್ದರೂ ಸಂಪರ್ಕ ದೊರೆಯದಿರುವ ಇನ್ನೊಂದು ಸಂದರ್ಭವಿದ್ದು, ಅದರ ಬಗ್ಗೆ ಸಾರ್ವಜನಿಕವಾಗಿ ಚರ್ಚೆಯಾಗುವುದು ಕಡಿಮೆ. ಕಚೇರಿಯನ್ನು ಹೊರಗಿನ ಜಾಲಕ್ಕೆ ಜೋಡಿಸುವ ರೂಟರ್ ಎಂಬ ಉಪಕರಣದ ಗಡಿಯಾರ ತಪ್ಪಾಗಿರುವುದೇ ಆ ಸಂದರ್ಭ.

ಗಡಿಯಾರ ಕೆಲವು ನಿಮಿಷ ಹಿಂದೆ ಉಳಿದರೆ ಕಚೇರಿಯ ಸಂಪರ್ಕವೇ ಏಕೆ ಕಡಿದುಹೋಗಬೇಕು, ಮತ್ತು ಅದರಿಂದ ಅರ್ಜಿದಾರರ ಹಕ್ಕಿಗೆ ಆಗುವ ಬಾಧೆ ಏನು ಎಂಬುದನ್ನು ಬೆಳಗಾವಿ ಜಿಲ್ಲೆಯ ಗಡಿ ಭಾಗದ ಐದು ತಾಲ್ಲೂಕುಗಳನ್ನು ದೃಷ್ಟಿಯಲ್ಲಿರಿಸಿಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ವೇಳೆಯ ಮೇಲೆ ನಿಂತಿರುವ ಹಕ್ಕುಗಳು

ಸರ್ಕಾರಿ ವ್ಯವಹಾರದಲ್ಲಿ ವೇಳೆಗೆ ಇರುವ ಮಹತ್ವ ಗಣಕಯಂತ್ರದೊಡನೆ ಬಂದದ್ದಲ್ಲ. ನೋಂದಣಿ ಅಧಿನಿಯಮ, 1908ರ ಕಲಂ 52ರ ಪ್ರಕಾರ, ನೋಂದಣಿಗಾಗಿ ಹಾಜರುಪಡಿಸಲಾದ ಪ್ರತಿಯೊಂದು ದಸ್ತಾವೇಜಿನ ಮೇಲೆ ಅದನ್ನು ಹಾಜರುಪಡಿಸಿದ ದಿನವನ್ನಷ್ಟೇ ಅಲ್ಲದೆ ಗಂಟೆಯನ್ನೂ ಸ್ಥಳವನ್ನೂ ನಮೂದಿಸತಕ್ಕದ್ದು. ಒಂದೇ ಜಮೀನಿನ ಮೇಲೆ ಒಂದಕ್ಕಿಂತ ಹೆಚ್ಚು ದಸ್ತಾವೇಜುಗಳು ಹುಟ್ಟಿಕೊಂಡು ವ್ಯಾಜ್ಯವಾದಾಗ ಈ ನಮೂದು ಎಷ್ಟು ಮುಖ್ಯವಾಗುತ್ತದೆಂಬುದನ್ನು ಕಂದಾಯ ಹಾಗೂ ಸಿವಿಲ್ ನ್ಯಾಯಾಲಯಗಳಿಗೆ ಅಲೆದವರು ಬಲ್ಲರು. ಅಂದು ಉಪನೋಂದಣಾಧಿಕಾರಿಯವರು ಗೋಡೆಯ ಗಡಿಯಾರ ನೋಡಿ ಬರೆಯುತ್ತಿದ್ದ ಗಂಟೆಯನ್ನು ಇಂದು ತಂತ್ರಾಂಶವು ತಾನಾಗಿಯೇ ದಾಖಲಿಸುತ್ತದೆ.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಈ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಸದರಿ ಅಧಿನಿಯಮದ ಕಲಂ 13ರಂತೆ, ವಿದ್ಯುನ್ಮಾನ ದಾಖಲೆಗಳ ಸ್ವೀಕೃತಿಗಾಗಿ ನಿರ್ದಿಷ್ಟ ಗಣಕ ವ್ಯವಸ್ಥೆಯನ್ನು ಗೊತ್ತುಪಡಿಸಿದ್ದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ದಾಖಲೆಯು ಆ ವ್ಯವಸ್ಥೆಯನ್ನು ಪ್ರವೇಶಿಸಿದ ಕ್ಷಣವೇ ಅದು ತಲುಪಿದ ವೇಳೆಯಾಗುತ್ತದೆ. ಅರ್ಜಿದಾರರು ಮನೆಯಿಂದ ಅಥವಾ ಸೈಬರ್ ಕೆಫೆಯಿಂದ ಗುಂಡಿ ಒತ್ತಿದ ವೇಳೆಯಾಗಲಿ, ಅವರ ಮೊಬೈಲಿನ ಗಡಿಯಾರ ತೋರಿಸಿದ ವೇಳೆಯಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಕೊನೆಯ ದಿನಾಂಕದ ಸಂಜೆ ಐದೂವರೆ ಗಂಟೆಯೊಳಗೆ ಸಲ್ಲಿಸಬೇಕಾದ ಅರ್ಜಿ ದಾರಿಯಲ್ಲಿ ಸಿಕ್ಕಿಕೊಂಡು 5 ಗಂಟೆ 31 ನಿಮಿಷಕ್ಕೆ ಸರ್ವರ್ ಮುಟ್ಟಿದರೆ, ಅದು ತಡವಾದ ಅರ್ಜಿಯೇ ಆಗುತ್ತದೆ.

ಭೂಮಿ ಯೋಜನೆಯಲ್ಲಿ ವೇಳೆ ಎಂದರೆ ಸರತಿ. ಹಕ್ಕು ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದನ್ನು ಮೊದಲು ಎಂಬ ಕ್ರಮದಲ್ಲಿಯೇ ಕೈಗೆತ್ತಿಕೊಳ್ಳುವಂತೆ ಆ ತಂತ್ರಾಂಶವನ್ನು ರೂಪಿಸಲಾಯಿತು. ಪರಿಚಯವಿದ್ದವರ ಕಡತ ಮೇಲಕ್ಕೆ ಬಂದು, ಇಲ್ಲದವರ ಕಡತ ಕೆಳಕ್ಕೆ ಸರಿಯುವ ಹಳೆಯ ರೂಢಿಯನ್ನು ತಡೆಯುವುದೇ ಇದರ ಉದ್ದೇಶವಾಗಿತ್ತು. ಈ ಭಾಗದಲ್ಲಿ ಉತಾರ ಎಂದೇ ಕರೆಯಲಾಗುವ ಪಹಣಿಯಲ್ಲಿ ಹೆಸರು ಬದಲಾಗುವುದನ್ನು ಕಾಯುತ್ತಿರುವ ರೈತರಿಗೆ ಬೆಳೆ ಸಾಲ, ಬೆಳೆ ವಿಮೆ ಮತ್ತು ಪರಿಹಾರ ಎಲ್ಲವೂ ಆ ಸರತಿಯನ್ನು ಅವಲಂಬಿಸಿರುತ್ತವೆ. ಸಕಾಲ ಯೋಜನೆಯಲ್ಲಿ ವೇಳೆ ಎಂದರೆ ದಿನಗಳ ಲೆಕ್ಕ. 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದ ಈ ಯೋಜನೆಯಲ್ಲಿ ಅರ್ಜಿಗೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ ನೀಡಲಾಗುತ್ತದೆ. ನಿಗದಿತ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚ ಕೇಳಲು ಅವಕಾಶವಿದೆ. ಅರ್ಜಿಯೇ ಸ್ವೀಕೃತವಾಗದ ದಿನದಂದು ಈ ಎಣಿಕೆ ಆರಂಭವಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಸಂಪರ್ಕವಿಲ್ಲದ ಮೂರು ದಿನ ಕೌಂಟರಿಗೆ ಬಂದು ಹಿಂದಿರುಗಿದವರ ಆ ಮೂರು ದಿನಗಳು ಯಾವ ದಾಖಲೆಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಜಾಲದ ತುದಿಯಲ್ಲಿರುವ ಐದು ತಾಲ್ಲೂಕುಗಳು

ರಾಜ್ಯವ್ಯಾಪಿ ಜಾಲಗಳ ಯೋಜನೆಗೆ ಕೇಂದ್ರ ಸರ್ಕಾರವು 2005ರ ಮಾರ್ಚ್‌ನಲ್ಲಿ ಅನುಮೋದನೆ ನೀಡಿತು. ರಾಜ್ಯ ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ ಕನಿಷ್ಠ 2 ಎಂಬಿಪಿಎಸ್ ವೇಗದ ಸಂಪರ್ಕ ಕಲ್ಪಿಸುವುದು ಅದರ ಮೂಲ ಚೌಕಟ್ಟು. ಕರ್ನಾಟಕದಲ್ಲಿ ಇದು ಕೆಸ್ವಾನ್ ಎಂಬ ಹೆಸರಿನಲ್ಲಿ ಕಾರ್ಯರೂಪಕ್ಕೆ ಬಂದಿತು. ಈ ರಚನೆಯನ್ನು ಮರಕ್ಕೆ ಹೋಲಿಸಬಹುದು. ಬೆಂಗಳೂರು ಬುಡ, ಬೆಳಗಾವಿ ಕೊಂಬೆ, ತಾಲ್ಲೂಕುಗಳು ರೆಂಬೆಗಳು. ರೆಂಬೆಯ ತುದಿಯಲ್ಲಿರುವ ಕಚೇರಿಗೆ ಬುಡದ ವರೆಗಿನ ಪ್ರತಿಯೊಂದು ಕಣ್ಣೂ ಸರಿಯಾಗಿರಬೇಕಾಗುತ್ತದೆ.

ಚಿಕ್ಕೋಡಿ, ರಾಯಬಾಗ ಹಾಗೂ ಅಥಣಿ ಹಳೆಯ ತಾಲ್ಲೂಕುಗಳು. 2017ರ ಆಯವ್ಯಯದಲ್ಲಿ ಘೋಷಿಸಲಾದ ಹೊಸ ತಾಲ್ಲೂಕುಗಳ ಪೈಕಿ ನಿಪ್ಪಾಣಿಯನ್ನು ಚಿಕ್ಕೋಡಿಯಿಂದಲೂ, ಕಾಗವಾಡವನ್ನು ಅಥಣಿಯಿಂದಲೂ ಪ್ರತ್ಯೇಕಿಸಲಾಯಿತು. ಹೊಸ ತಾಲ್ಲೂಕು ಎಂದರೆ ಹೊಸ ಕಚೇರಿ, ಹೊಸ ಸಂಪರ್ಕ, ಹೊಸ ಉಪಕರಣ. ತಹಶೀಲ್ದಾರರ ಹುದ್ದೆ, ಕಟ್ಟಡ ಮತ್ತು ಪೀಠೋಪಕರಣಗಳ ಬಗ್ಗೆ ಸಹಜವಾಗಿಯೇ ಚರ್ಚೆಯಾಗುತ್ತದೆ. ಗೋಡೆಯ ಪೆಟ್ಟಿಗೆಯೊಳಗೆ ಇರುವ ರೂಟರಿನ ಗಡಿಯಾರ ಯಾರ ಪರಿಶೀಲನಾ ಪಟ್ಟಿಯಲ್ಲಿಯೂ ಇರುವುದು ವಿರಳ.

ಈ ಭಾಗಕ್ಕೆ ಇನ್ನೊಂದು ವಿಶೇಷವಿದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಇಲ್ಲಿ ಹರಿಯುತ್ತಿದ್ದು, ಮಹಾರಾಷ್ಟ್ರದ ಘಟ್ಟ ಪ್ರದೇಶದಲ್ಲಿ ಮಳೆಯಾದರೆ ನೆರೆ ಇಲ್ಲಿಗೆ ಬರುತ್ತದೆ. 2019ರ ಆಗಸ್ಟ್ ಹಾಗೂ 2021ರ ಜುಲೈ ತಿಂಗಳ ಪ್ರವಾಹಗಳಲ್ಲಿ ನದಿ ತೀರದ ಗ್ರಾಮಗಳು ಜಲಾವೃತವಾದವು; ನಿಪ್ಪಾಣಿ ಸಮೀಪದ ಯಮಗರ್ಣಿಯಲ್ಲಿ ವೇದಗಂಗಾ ನೀರು ರಾಷ್ಟ್ರೀಯ ಹೆದ್ದಾರಿಗೆ ನುಗ್ಗಿ ಸಂಚಾರ ಸ್ಥಗಿತಗೊಂಡಿತು. ಇಂತಹ ದಿನಗಳಲ್ಲಿ ಸುರಕ್ಷತೆಗಾಗಿ ವಿದ್ಯುತ್ ಕಡಿತ ಮಾಡುವುದು ಅನಿವಾರ್ಯ. ಕಚೇರಿಯ ಬ್ಯಾಟರಿ ಕೆಲವು ಗಂಟೆಗಳಷ್ಟೇ ಬಾಳುತ್ತದೆ. ಉಪಕರಣಗಳು ಪೂರ್ಣವಾಗಿ ಆರಿ ಮತ್ತೆ ಹೊತ್ತಿಕೊಳ್ಳುವ ಸಂದರ್ಭ ಮತ್ತು ಮನೆ, ಬೆಳೆ, ಜಾನುವಾರು ಕಳೆದುಕೊಂಡವರು ಪರಿಹಾರದ ಅರ್ಜಿ ಹಿಡಿದು ಸರತಿಯಲ್ಲಿ ನಿಲ್ಲುವ ಸಂದರ್ಭ ಎರಡೂ ಒಂದೇ ವಾರದಲ್ಲಿ ಕೂಡಿಬರುತ್ತವೆ. ಗಡಿಯಾರದ ಪ್ರಶ್ನೆ ಇಲ್ಲಿ ಇತರೆಡೆಗಿಂತ ಹೆಚ್ಚು ಗಂಭೀರವಾಗುವುದು ಈ ಕಾರಣದಿಂದಲೇ.

ಗಡಿಯಾರ ಮತ್ತು ಕೀಲಿ

ರೂಟರ್‌ಗಳು ತಮ್ಮ ನೆರೆಯ ರೂಟರ್‌ಗಳೊಡನೆ ನಿರಂತರವಾಗಿ ಮಾತನಾಡಿಕೊಳ್ಳುತ್ತವೆ. "ಈ ಕಚೇರಿಗೆ ನನ್ನ ಮೂಲಕ ದಾರಿ ಇದೆ" ಎಂದು ಒಂದು ಹೇಳುತ್ತದೆ; ಇನ್ನೊಂದು ಅದನ್ನು ನಂಬಿ ದತ್ತಾಂಶವನ್ನು ಆ ದಾರಿಗೆ ಬಿಡುತ್ತದೆ. ದೊಡ್ಡ ಸಂಸ್ಥೆಗಳ ಒಳಜಾಲಗಳಲ್ಲಿ ಇದಕ್ಕಾಗಿ ಸಾಮಾನ್ಯವಾಗಿ ಬಳಸುವ ವಿಧಾನ ಓ.ಎಸ್.ಪಿ.ಎಫ್. ಎಂಬುದು. ಸುಳ್ಳು ಹೇಳುವ ಅಪರಿಚಿತ ಉಪಕರಣವೊಂದು ನಡುವೆ ಸೇರಿಕೊಂಡರೆ ನಾಗರಿಕರ ಅರ್ಜಿ, ಆಧಾರ್ ವಿವರ, ಭೂ ದಾಖಲೆ ಎಲ್ಲವೂ ತಪ್ಪು ದಾರಿಗೆ ತಿರುಗಬಹುದು. ಆದ್ದರಿಂದ ನೆರೆಯ ರೂಟರ್‌ಗಳ ನಡುವೆ ಒಂದು ಗುಪ್ತ ಕೀಲಿಯನ್ನು ಇರಿಸಲಾಗುತ್ತದೆ. ಪ್ರತಿಯೊಂದು ಸಂದೇಶಕ್ಕೂ ಆ ಕೀಲಿಯಿಂದ ಲೆಕ್ಕ ಹಾಕಿದ ಒಂದು ಮುದ್ರೆ ಅಂಟಿರುತ್ತದೆ. ಮುದ್ರೆ ಹೊಂದಿಕೆಯಾಗದಿದ್ದರೆ ಸಂದೇಶ ತಿರಸ್ಕೃತ. ಇದನ್ನೇ ರೂಟಿಂಗ್ ದೃಢೀಕರಣ ಎನ್ನಲಾಗುತ್ತದೆ.

ಒಂದೇ ಕೀಲಿಯನ್ನು ವರ್ಷಗಟ್ಟಲೆ ಬಳಸುವುದು ಸುರಕ್ಷಿತವಲ್ಲ. ಗುತ್ತಿಗೆದಾರರು ಬದಲಾಗುತ್ತಾರೆ, ಸಿಬ್ಬಂದಿ ವರ್ಗಾವಣೆಯಾಗುತ್ತಾರೆ, ಹಳೆಯ ಉಪಕರಣ ವಿಲೇವಾರಿಯಾಗುತ್ತದೆ. ಕೀಲಿ ಅವುಗಳೊಡನೆ ಹೊರಗೆ ಹೋಗುತ್ತದೆ. ಈ ಕಾರಣದಿಂದ ಕೀಲಿಗಳನ್ನು ಸರಪಳಿಯಂತೆ ಜೋಡಿಸಿ, ಪ್ರತಿಯೊಂದಕ್ಕೂ ಆರಂಭದ ಹಾಗೂ ಮುಕ್ತಾಯದ ವೇಳೆಯನ್ನು ನಿಗದಿಪಡಿಸುವುದು ಉತ್ತಮ ಪದ್ಧತಿ ಎನಿಸಿಕೊಂಡಿದೆ. ಗಡಿಯಾರ ಮತ್ತು ಭದ್ರತೆ ಒಂದಕ್ಕೊಂದು ಗಂಟು ಬೀಳುವುದು ಇಲ್ಲಿಯೇ.

ಉದಾಹರಣೆಗೆ, ಮೊದಲನೆಯ ಕೀಲಿ ಮಾರ್ಚ್ 31ರ ಮಧ್ಯರಾತ್ರಿಗೆ ಮುಗಿದು ಎರಡನೆಯದು ಏಪ್ರಿಲ್ 1ರಿಂದ ಆರಂಭವಾಗುವಂತೆ ಎರಡೂ ತುದಿಗಳಲ್ಲಿ ನಮೂದಿಸಲಾಗಿದೆ ಎಂದುಕೊಳ್ಳೋಣ. ಬೆಳಗಾವಿಯ ರೂಟರಿನ ಗಡಿಯಾರ ಸರಿಯಾಗಿದ್ದು, ಅಥಣಿಯದು ಹತ್ತು ನಿಮಿಷ ಹಿಂದಿದ್ದರೆ, ಮಧ್ಯರಾತ್ರಿ ಕಳೆದ ಕೂಡಲೇ ಬೆಳಗಾವಿಯ ಉಪಕರಣವು ಎರಡನೆಯ ಕೀಲಿಯ ಮುದ್ರೆ ಹಾಕಲು ಆರಂಭಿಸುತ್ತದೆ. ಅಥಣಿಯ ಲೆಕ್ಕದಲ್ಲಿ ಇನ್ನೂ ಮಾರ್ಚ್ ತಿಂಗಳೇ ನಡೆಯುತ್ತಿರುತ್ತದೆ. ಮುದ್ರೆ ಹೊಂದುವುದಿಲ್ಲ. ಓ.ಎಸ್.ಪಿ.ಎಫ್. ವಿಧಾನದಲ್ಲಿ ಸಾಮಾನ್ಯವಾಗಿ 40 ಸೆಕೆಂಡುಗಳ ಕಾಲ ನೆರೆಯ ಮಾತು ಕೇಳಿಸದಿದ್ದರೆ ಆ ನೆರೆಯೇ ಇಲ್ಲವೆಂದು ತೀರ್ಮಾನಿಸಲಾಗುತ್ತದೆ. ಹೀಗೆ ಹತ್ತು ನಿಮಿಷಗಳ ಕಾಲ ಅಥಣಿಯ ದಾರಿ ಮುಚ್ಚಿರುತ್ತದೆ. ಮಧ್ಯರಾತ್ರಿಯಾದ್ದರಿಂದ ಯಾರಿಗೂ ತಿಳಿಯುವುದಿಲ್ಲ, ಬೆಳಗ್ಗೆ ಎಲ್ಲವೂ ಸರಿಯಾಗಿರುತ್ತದೆ. ಗಡಿಯಾರ ಹತ್ತು ಗಂಟೆ ಹಿಂದಿದ್ದರೆ ಮಾತ್ರ ಬೆಳಗ್ಗೆ ಕೌಂಟರ್ ತೆರೆದಾಗ "ಸರ್ವರ್ ಇಲ್ಲ".

ಹತ್ತು ಗಂಟೆ ಎಂಬುದು ಉತ್ಪ್ರೇಕ್ಷೆಯಂತೆ ತೋರಬಹುದು. ಗಡಿಯಾರಗಳು ಸಾಮಾನ್ಯವಾಗಿ ಅಷ್ಟು ತಪ್ಪುವುದಿಲ್ಲ. ಗಣಕ ಉಪಕರಣಗಳಲ್ಲಿರುವ ಸ್ಫಟಿಕದ ಗಡಿಯಾರವು ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪಿದರೂ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು, ವರ್ಷಕ್ಕೆ ಹತ್ತೂವರೆ ನಿಮಿಷದಷ್ಟೇ ವ್ಯತ್ಯಾಸ ಬರುತ್ತದೆ. ಆದರೆ ಅನೇಕ ಚಿಕ್ಕ ರೂಟರ್‌ಗಳಲ್ಲಿ ವಿದ್ಯುತ್ ಹೋದಾಗಲೂ ನಡೆಯುವ, ಬ್ಯಾಟರಿ ಆಧಾರಿತ ಗಡಿಯಾರವೇ ಇರುವುದಿಲ್ಲ. ಅವು ಮತ್ತೆ ಹೊತ್ತಿಕೊಂಡಾಗ ತಯಾರಕರು ಗೊತ್ತುಪಡಿಸಿದ ಯಾವುದೋ ಹಳೆಯ ದಿನಾಂಕದಿಂದ ಎಣಿಕೆ ಆರಂಭಿಸುತ್ತವೆ. ಬಹಳ ಪ್ರಚಲಿತವಾದ ಒಂದು ತಯಾರಿಕೆಯ ಹಳೆಯ ಮಾದರಿಗಳಲ್ಲಿ ಆ ದಿನಾಂಕ 1993ರ ಮಾರ್ಚ್ 1. ಪ್ರವಾಹದ ನಂತರ ವಿದ್ಯುತ್ ಬಂದಾಗ ಇಂತಹ ಉಪಕರಣದ ಲೆಕ್ಕದಲ್ಲಿ ಇಂದಿನ ಯಾವ ಕೀಲಿಯೂ ಇನ್ನೂ ಜಾರಿಗೆ ಬಂದಿರುವುದಿಲ್ಲ. 1998ರ ಓ.ಎಸ್.ಪಿ.ಎಫ್. ಮಾನದಂಡದಲ್ಲಿ, ಅವಧಿ ಮುಗಿದ ಕೊನೆಯ ಕೀಲಿಯನ್ನು ಹೊಸದು ಬರುವವರೆಗೆ ಮುಂದುವರಿಸಬೇಕೆಂಬ ರಿಯಾಯಿತಿ ಇದೆ. ಅವಧಿಯೇ ಆರಂಭವಾಗದ ಕೀಲಿಗೆ ಅಂತಹ ರಿಯಾಯಿತಿ ಇಲ್ಲ.

ಸರಿಯಾದ ವೇಳೆಯನ್ನು ಕೇಳಿಕೊಂಡರಾಯಿತಲ್ಲವೇ ಎಂದರೆ, ಅದಕ್ಕಾಗಿ ಎನ್.ಟಿ.ಪಿ. ಎಂಬ ವ್ಯವಸ್ಥೆ ಇದ್ದೇ ಇದೆ. ಡೇವಿಡ್ ಮಿಲ್ಸ್ ಎಂಬ ಅಮೆರಿಕದ ವಿಜ್ಞಾನಿ ರೂಪಿಸಿದ ಈ ವಿಧಾನ 1985ರಿಂದ ಬಳಕೆಯಲ್ಲಿದೆ. ಉಪಕರಣವು ಕಾಲದ ಸರ್ವರಿಗೆ ಪ್ರಶ್ನೆ ಕಳುಹಿಸಿ, ಪ್ರಶ್ನೆ ಹೊರಟ ಮತ್ತು ಉತ್ತರ ಬಂದ ವೇಳೆಗಳಿಂದ ಪ್ರಯಾಣದ ಅವಧಿಯನ್ನು ಕಳೆದು ತನ್ನ ಗಡಿಯಾರವನ್ನು ತಿದ್ದಿಕೊಳ್ಳುತ್ತದೆ. ತೊಡಕು ಇರುವುದು ಬೇರೆಡೆ. ಕಾಲದ ಸರ್ವರ್ ಇರುವುದು ಬೆಳಗಾವಿಯ ಅಥವಾ ಬೆಂಗಳೂರಿನ ಆಚೆಗೆ. ಅಲ್ಲಿಗೆ ಪ್ರಶ್ನೆ ಹೋಗಲು ದಾರಿ ಬೇಕು. ದಾರಿ ತೆರೆಯಲು ಕೀಲಿ ಬೇಕು. ಕೀಲಿ ಜಾರಿಯಾಗಲು ಸರಿಯಾದ ವೇಳೆ ಬೇಕು. ವೇಳೆಯಿಲ್ಲದೆ ದಾರಿಯಿಲ್ಲ, ದಾರಿಯಿಲ್ಲದೆ ವೇಳೆಯಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಸ್ಥಿತಿಯೇ ಇಲ್ಲಿ ಉಂಟಾಗುತ್ತದೆ.

ಇದಕ್ಕೆ ಪರಿಹಾರಗಳು ಗೊತ್ತಿರುವಂಥವೇ ಆಗಿದ್ದು, ಹೆಚ್ಚಿನ ವೆಚ್ಚವನ್ನೂ ಬೇಡುವುದಿಲ್ಲ. ಕಾಲದ ಸರ್ವರಿಗೆ ಮಾತ್ರ ಕೀಲಿಯ ಹಂಗಿಲ್ಲದ ಸ್ಥಿರ ದಾರಿಯೊಂದನ್ನು ಪ್ರತಿ ಹಂತದಲ್ಲಿ ಮೊದಲೇ ಬರೆದಿಡಬಹುದು. ಎರಡು ಕೀಲಿಗಳ ಅವಧಿಗಳು ಕೆಲವು ದಿನ ಒಂದರ ಮೇಲೊಂದು ಬರುವಂತೆ ನಿಗದಿಪಡಿಸಿದರೆ ಕೀಲಿ ಬದಲಾಗುವ ರಾತ್ರಿಯ ಸಣ್ಣಪುಟ್ಟ ವ್ಯತ್ಯಾಸಗಳು ನುಂಗಿಹೋಗುತ್ತವೆ. ಬ್ಯಾಟರಿ ಗಡಿಯಾರವಿರುವ ಉಪಕರಣವನ್ನೇ ಖರೀದಿಸುವಂತೆ ಟೆಂಡರ್ ಷರತ್ತಿನಲ್ಲಿ ಒಂದು ಸಾಲು ಸೇರಿಸಬಹುದು; ಬಹುಶಃ ಎಲ್ಲಕ್ಕಿಂತ ಅಗ್ಗದ ಪರಿಹಾರ ಇದೇ. ಇವುಗಳ ಜೊತೆಗೆ ಕಾಲದ ಸಂದೇಶಕ್ಕೂ ತನ್ನದೇ ಆದ ಮುದ್ರೆ ಇರಬೇಕು. ಇಲ್ಲವಾದರೆ ಸುಳ್ಳು ವೇಳೆ ಹೇಳುವವರು, ಕೀಲಿಯನ್ನು ಕದಿಯುವ ಗೋಜಿಗೇ ಹೋಗದೆ, ಹಳೆಯ ಕೀಲಿಗೆ ಮರುಜೀವ ಕೊಡಬಲ್ಲರು.

ಕ್ಷೇತ್ರ ಮಟ್ಟದಲ್ಲಿ ಅವಸರಕ್ಕೆ ಕೈಗೊಳ್ಳಬಹುದಾದ ಎರಡು ಉಪಾಯಗಳ ಬಗ್ಗೆ ಮಾತ್ರ ಎಚ್ಚರಿಕೆ ಅಗತ್ಯ. ಮೊದಲನೆಯದು, ಕೈಗಡಿಯಾರ ನೋಡಿ ವೇಳೆಯನ್ನು ಕೈಯಿಂದಲೇ ನಮೂದಿಸುವುದು. ಭಾರತೀಯ ಪ್ರಮಾಣ ಕಾಲವನ್ನು ಜಾಗತಿಕ ಕಾಲವೆಂದು ನಮೂದಿಸಿದರೆ ಐದೂವರೆ ಗಂಟೆಯ ತಪ್ಪು ನೆಲೆಯೂರುತ್ತದೆ. ಎರಡನೆಯದು ದೃಢೀಕರಣವನ್ನೇ ತೆಗೆದುಹಾಕುವುದು. ಆ ಕ್ಷಣಕ್ಕೆ ಸಂಪರ್ಕ ಬರುತ್ತದೆ, ಸರತಿ ಕರಗುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ತೆಗೆದ ಬೀಗವನ್ನು ಮತ್ತೆ ಹಾಕಲು ಯಾರಿಗೂ ನೆನಪಿರುವುದಿಲ್ಲ. ರೋಗಕ್ಕಿಂತ ಈ ಮದ್ದು ಕೆಟ್ಟದ್ದು.

ಹೊರಗಿನ ಎರಡು ನಿದರ್ಶನಗಳು

ಬೀಗವಿಲ್ಲದ ದಾರಿಯ ಪರಿಣಾಮವನ್ನು ಜಗತ್ತು 2008ರ ಫೆಬ್ರವರಿ 24ರಂದು ಕಂಡಿತು. ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆಯು ತನ್ನ ದೇಶದೊಳಗೆ ಯೂಟ್ಯೂಬ್ ತಾಣವನ್ನು ತಡೆಯಲು ಮಾಡಿದ ದಾರಿಯ ಘೋಷಣೆ ಹೊರಗಿನ ಅಂತರಜಾಲಕ್ಕೂ ಹರಿದು, ಇತರ ರೂಟರ್‌ಗಳು ಅದನ್ನು ಪರೀಕ್ಷಿಸದೆ ನಂಬಿದ್ದರಿಂದ ಸುಮಾರು ಎರಡು ಗಂಟೆಗಳ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ದೊರೆಯಲಿಲ್ಲ. ಅದು ದಾಳಿಯಾಗಿರಲಿಲ್ಲ, ನಂಬಿಕೆಯ ಮೇಲೆ ನಡೆಯುವ ವ್ಯವಸ್ಥೆಯಲ್ಲಿ ನಡೆದ ಒಂದು ತಪ್ಪು.

ತಪ್ಪು ವೇಳೆಯ ಪರಿಣಾಮ 2012ರ ನವೆಂಬರ್ 19ರಂದು ಕಂಡುಬಂದಿತು. ಅಮೆರಿಕದ ನೌಕಾ ವೀಕ್ಷಣಾಲಯದ ಎರಡು ಕಾಲದ ಸರ್ವರ್‌ಗಳು ಆ ದಿನ ಸ್ವಲ್ಪ ಕಾಲ 2000ನೇ ಇಸವಿಯ ದಿನಾಂಕವನ್ನು ಹಂಚಿದವು. ಅವುಗಳನ್ನು ಮಾತ್ರ ನಂಬಿದ್ದ ಕಚೇರಿ ಸರ್ವರ್‌ಗಳು, ದೂರವಾಣಿ ವಿನಿಮಯ ಯಂತ್ರಗಳು ಮತ್ತು ರೂಟರ್‌ಗಳು ಹನ್ನೆರಡು ವರ್ಷ ಹಿಂದಕ್ಕೆ ಜಿಗಿದು ಹಲವೆಡೆ ಕೆಲಸ ನಿಂತಿತು. ಒಂದೇ ಮೂಲವನ್ನು ನಂಬದೆ ಕನಿಷ್ಠ ಮೂರು ನಾಲ್ಕು ಮೂಲಗಳಿಂದ ವೇಳೆಯನ್ನು ಪಡೆದು ತಾಳೆ ನೋಡಿದ್ದ ಉಪಕರಣಗಳಿಗೆ ತೊಂದರೆಯಾಗಲಿಲ್ಲ.

ನಿಯಮಗಳಲ್ಲಿ ಆಗಿರುವ ಬದಲಾವಣೆ

ಭಾರತೀಯ ಪ್ರಮಾಣ ಕಾಲವನ್ನು ಕಾಯ್ದುಕೊಂಡು ಬರುವ ಹೊಣೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದಾಗಿದೆ. ಪೂರ್ವ ರೇಖಾಂಶ 82.5 ಡಿಗ್ರಿಯನ್ನು ಆಧಾರವಾಗಿರಿಸಿಕೊಂಡ ಈ ಕಾಲಕ್ಕಿಂತ ಸೂರ್ಯನ ಲೆಕ್ಕದಲ್ಲಿ ಚಿಕ್ಕೋಡಿ ಸುಮಾರು 32 ನಿಮಿಷ ಹಿಂದಿದೆ. ನಿಪ್ಪಾಣಿಗೂ ಅಥಣಿಗೂ ನಡುವೆಯೇ ಮೂರು ನಿಮಿಷದ ಸಮೀಪ ಅಂತರವಿದೆ. ಆಕಾಶ ಒಪ್ಪಿದ ಈ ಮೂರು ನಿಮಿಷವನ್ನು ಆಡಳಿತ ಒಪ್ಪುವುದಿಲ್ಲ, ಒಪ್ಪಲೂಬಾರದು.

2022ರ ಏಪ್ರಿಲ್ 28ರಂದು ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡವು (ಸರ್ಟ್-ಇನ್) ಹೊರಡಿಸಿದ ನಿರ್ದೇಶನಗಳಲ್ಲಿ, ಸರ್ಕಾರಿ ಸಂಸ್ಥೆಗಳೂ ಸೇರಿದಂತೆ ಎಲ್ಲ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲದ ಸರ್ವರ್‌ಗಳಿಗೆ, ಇಲ್ಲವೇ ಅವುಗಳನ್ನು ಅನುಸರಿಸುವ ಸರ್ವರ್‌ಗಳಿಗೆ ಹೊಂದಿಸಿಕೊಳ್ಳಬೇಕೆಂದು ಸೂಚಿಸಲಾಗಿದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಸರ್ವರ್‌ಗಳಿಗೆ "ಸಮಯ್" ಎಂದೇ ಹೆಸರಿಡಲಾಗಿದೆ. ಚಟುವಟಿಕೆಯ ದಾಖಲೆಗಳನ್ನು 180 ದಿನಗಳ ಕಾಲ ಉಳಿಸಿಕೊಳ್ಳಬೇಕೆಂದೂ, ಭದ್ರತಾ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಅವೇ ನಿರ್ದೇಶನಗಳಲ್ಲಿ ಹೇಳಲಾಗಿದೆ. ಈ ಮೂರೂ ಷರತ್ತುಗಳು ಒಂದಕ್ಕೊಂದು ಪೂರಕ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ಕೃತಕ ಕೋರಿಕೆಗಳ ದಾಳಿ ನಡೆದು ರಾಜ್ಯದಾದ್ಯಂತ ನೋಂದಣಿ ಕಾರ್ಯಕ್ಕೆ ಅಡಚಣೆಯಾಯಿತು. ಇಂತಹ ದಾಳಿಗಳ ಮೂಲವನ್ನು ಹುಡುಕುವಾಗ ಒಂದು ಉಪಕರಣದ ದಾಖಲೆಯನ್ನು ಇನ್ನೊಂದರೊಡನೆ ಸೆಕೆಂಡಿನ ಮಟ್ಟದಲ್ಲಿ ತಾಳೆ ಹಾಕಬೇಕಾಗುತ್ತದೆ. ಗಡಿಯಾರಗಳು ಒಂದೇ ಆಗಿರದಿದ್ದರೆ ದಾಖಲೆ ಎಷ್ಟು ದಿನ ಉಳಿಸಿದ್ದರೂ ಸಾಕ್ಷ್ಯವಾಗಿ ದುರ್ಬಲವಾಗುತ್ತದೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ಕಾನೂನುಬದ್ಧ ಮಾಪನಶಾಸ್ತ್ರದ ಅಡಿಯಲ್ಲಿ ಭಾರತೀಯ ಪ್ರಮಾಣ ಕಾಲದ ಬಗ್ಗೆ ಕರಡು ನಿಯಮಗಳನ್ನು 2025ರ ಜನವರಿಯಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೋರಿತು. ತೂಕದ ಕಲ್ಲಿಗೂ ಅಳತೆಯ ಗಜಕ್ಕೂ ಇರುವ ಕಾನೂನಿನ ಸ್ಥಾನವನ್ನು ಗಂಟೆ ನಿಮಿಷಗಳಿಗೂ ನೀಡುವ ಪ್ರಯತ್ನ ಇದಾಗಿದೆ. ಕಾಲವನ್ನು ದೇಶದಾದ್ಯಂತ ಹಂಚುವ ಯೋಜನೆಗೆ ಆಯ್ಕೆಯಾದ ಐದು ಪ್ರಯೋಗಾಲಯಗಳ ಪೈಕಿ ಬೆಂಗಳೂರಿನ ಪ್ರಾದೇಶಿಕ ನಿರ್ದೇಶನ ಮಾನಕ ಪ್ರಯೋಗಾಲಯವೂ ಒಂದು. ಉಳಿದವು ಅಹಮದಾಬಾದ್, ಭುವನೇಶ್ವರ, ಫರೀದಾಬಾದ್ ಮತ್ತು ಗುವಾಹಟಿಯಲ್ಲಿವೆ. ದೆಹಲಿಯ ಬದಲು ಬೆಂಗಳೂರಿನಿಂದಲೇ ಪ್ರಮಾಣ ಕಾಲ ದೊರೆಯುವುದು ಸ್ವಾಗತಾರ್ಹ. ಆದರೂ ಬೆಂಗಳೂರಿನ ಗಡಿಯಾರ ಎಷ್ಟೇ ನಿಖರವಾಗಿದ್ದರೂ ಅದು ಕಾಗವಾಡದ ರೂಟರಿಗೆ ಮುಟ್ಟುವುದು ಮೇಲೆ ವಿವರಿಸಿದ ದಾರಿಯಿಂದಲೇ. ನಿಯಮಗಳು ವೇಳೆಯ ಮೂಲದ ಬಗ್ಗೆ ಹೆಚ್ಚು ಮಾತನಾಡಿವೆ. ವಿದ್ಯುತ್ ಹೋಗಿ ಬಂದ ಮೊದಲ ಹತ್ತು ನಿಮಿಷದಲ್ಲಿ ತುದಿಯ ಕಚೇರಿ ಏನು ಮಾಡಬೇಕೆಂಬುದು ಜಾಲ ನಿರ್ವಹಣೆಯ ಗುತ್ತಿಗೆ ಷರತ್ತುಗಳಲ್ಲಿ ಬರಬೇಕಾದ ವಿಷಯ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ರೂಟರಿನ ಗಡಿಯಾರವನ್ನು ಅರ್ಜಿದಾರರು ಸರಿಪಡಿಸಲಾಗದು. ಆದರೆ ದೋಷ ಎಲ್ಲಿದೆ ಎಂಬುದನ್ನು ಗುರುತಿಸಲು ಕೆಲವು ಸೂಚನೆಗಳು ಅವರಿಗೂ ಲಭ್ಯವಿವೆ. ನ್ಯಾಯಬೆಲೆ ಅಂಗಡಿಯಲ್ಲಿ ಅಥವಾ ಸೇವಾ ಕೇಂದ್ರದಲ್ಲಿ ಬೆರಳಚ್ಚು ನೀಡಿದಾಗ ಆಧಾರ್ ದೃಢೀಕರಣ ವಿಫಲವಾದರೆ ಯಂತ್ರದ ಮೇಲೆ ಒಂದು ಸಂಖ್ಯೆ ಬರುತ್ತದೆ. 300 ಎಂದು ಬಂದಲ್ಲಿ ಬೆರಳಚ್ಚು ಹೊಂದಿಕೆಯಾಗಿಲ್ಲವೆಂದು ಅರ್ಥ. ತಂಬಾಕು ಅಥವಾ ಕಬ್ಬಿನ ಕೆಲಸದಿಂದ ಬೆರಳು ಸವೆದಿರುವವರಿಗೆ ಇದು ಅಪರಿಚಿತವಲ್ಲ, ಕೈ ತೊಳೆದು ಬೇರೆ ಬೆರಳಿನಿಂದ ಪ್ರಯತ್ನಿಸಬಹುದು. 561 ಎಂದು ಬಂದರೆ ಕೋರಿಕೆಯ ಮೇಲಿನ ವೇಳೆ ಹಳೆಯದಾಗಿದೆ ಎಂದೂ, 562 ಎಂದು ಬಂದರೆ ಆ ವೇಳೆ ಇನ್ನೂ ಬಂದೇ ಇಲ್ಲವೆಂದೂ ಅರ್ಥ. ಈ ಎರಡು ಸಂದರ್ಭಗಳಲ್ಲಿ ಬೆರಳಿನಲ್ಲಿ ದೋಷವಿಲ್ಲ. ದೋಷ ಯಂತ್ರದ ಗಡಿಯಾರದಲ್ಲಿರುವ ಸಂಭವವೇ ಹೆಚ್ಚು. ಅದನ್ನು ಸರಿಪಡಿಸಿ ಮತ್ತೆ ಪ್ರಯತ್ನಿಸುವಂತೆ ನಿರ್ವಾಹಕರನ್ನು ಕೇಳಬಹುದಾಗಿದೆ. ಬೆರಳು ಸರಿಯಿಲ್ಲವೆಂದು ವೃದ್ಧರನ್ನು ಹಿಂದಕ್ಕೆ ಕಳುಹಿಸುವ ಮೊದಲು ಆ ಸಂಖ್ಯೆಯನ್ನು ಓದುವುದು ನಿರ್ವಾಹಕರ ಕರ್ತವ್ಯ.

ಮನೆಯ ಗಣಕಯಂತ್ರದಿಂದ ಅರ್ಜಿ ಸಲ್ಲಿಸುವವರು ದಿನಾಂಕ ಮತ್ತು ವೇಳೆಯನ್ನು ಸ್ವಯಂಚಾಲಿತವಾಗಿ ಹೊಂದಿಸಿಕೊಳ್ಳುವ ಆಯ್ಕೆಯನ್ನು ಜಾರಿಯಲ್ಲಿಟ್ಟಿರಬೇಕು. ದಿನಾಂಕ ತಪ್ಪಾಗಿದ್ದರೆ ಸರ್ಕಾರಿ ತಾಣದ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪುವುದಿಲ್ಲ. ಆಗ ಬರುವ ಎಚ್ಚರಿಕೆಯನ್ನು ದಾಟಿ ಮುಂದುವರಿಯುವುದಕ್ಕಿಂತ ಮೊದಲು ದಿನಾಂಕವನ್ನು ನೋಡುವುದು ಸೂಕ್ತ. ಡಿಜಿಟಲ್ ಸಹಿ ಇರುವ ಪಹಣಿ ಅಥವಾ ಜಾತಿ, ಆದಾಯ ಪ್ರಮಾಣಪತ್ರಗಳನ್ನು ಪರಿಶೀಲಿಸುವಾಗ "ಸಹಿ ಇನ್ನೂ ಮಾನ್ಯವಾಗಿಲ್ಲ" ಎಂಬಂತಹ ಸಂದೇಶ ಬಂದರೆ ಅದಕ್ಕೂ ಇದೇ ಕಾರಣವಿರಬಹುದು.

ಕೌಂಟರಿನಲ್ಲಿ ಸಂಪರ್ಕವಿಲ್ಲವೆಂದು ಹಿಂದಿರುಗಬೇಕಾದ ದಿನದಂದು, ಬಂದ ದಿನಾಂಕ ಹಾಗೂ ವೇಳೆಯನ್ನು ಒಂದು ಬಿಳಿ ಹಾಳೆಯ ಮನವಿಯಲ್ಲಿ ಬರೆದು ಕಚೇರಿಯ ಆವಕ ವಿಭಾಗದಲ್ಲಿ ಸ್ವೀಕೃತಿ ಮುದ್ರೆ ಪಡೆದುಕೊಳ್ಳುವುದು ಹಳೆಯ ಕ್ರಮವಾದರೂ ಇಂದಿಗೂ ಉಪಯುಕ್ತ. ಕೊನೆಯ ದಿನಾಂಕವಿರುವ ಅರ್ಜಿಗಳಲ್ಲಿ ತಡವಾಗಿದ್ದಕ್ಕೆ ಕಾರಣ ತೋರಿಸಬೇಕಾದಾಗ ಆ ಮುದ್ರೆಯೊಂದೇ ಅರ್ಜಿದಾರರ ಪರವಾಗಿ ಮಾತನಾಡುತ್ತದೆ. ದಸ್ತಾವೇಜು ನೋಂದಣಿಗೆ ಬರೆದುಕೊಟ್ಟ ದಿನದಿಂದ ಸಾಮಾನ್ಯವಾಗಿ ನಾಲ್ಕು ತಿಂಗಳ ಕಾಲಾವಕಾಶವಿರುವುದರಿಂದ ಕೊನೆಯ ವಾರದ ವರೆಗೆ ಕಾಯದಿರುವುದು ಒಳ್ಳೆಯದು. ಮಳೆಗಾಲದಲ್ಲಿ ನದಿ ತೀರದ ಗ್ರಾಮಗಳವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಸ್ವೀಕೃತಿ ಪತ್ರ ಕೈಗೆ ಬಂದ ಕೂಡಲೇ ಅದರ ಮೇಲೆ ಮುದ್ರಿತವಾಗಿರುವ ದಿನಾಂಕ ಮತ್ತು ವೇಳೆಯನ್ನು ಓದಿ, ವ್ಯತ್ಯಾಸ ಕಂಡುಬಂದಲ್ಲಿ ಕೌಂಟರ್ ಬಿಡುವ ಮೊದಲೇ ತಿಳಿಸತಕ್ಕದ್ದು.